ಸಂಘದಲ್ಲಿ ಬೆಳಗಿದ ಬದುಕು: ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರು

ಬಳ್ಳಾರಿ ನಗರದ ಕೌಲ್ ಬಜಾರ್ ಎಂಬ ಹೆಸರಿನಲ್ಲಿಯೇ ಒಂದು ಹಿರಿದಾದ ಅರ್ಥ ಅಡಗಿದೆ. ಕೌಲು ಎಂದರೆ ಒಪ್ಪಂದದ ಪತ್ರ. ಹಿಂದಿನ ಕಾಲದಲ್ಲಿ ಆಳುವವರು ವರ್ತಕರಿಗೂ ಒಕ್ಕಲು ಮಕ್ಕಳಿಗೂ ಬರೆದು ಕೊಡುತ್ತಿದ್ದ ಅಭಯದ ಬರಹವಿದು. ನಂಬಿಕೆಯಿಂದ ಬಂದು ನೆಲೆಸಿರಿ, ನಿಮ್ಮ ಬಾಳಿಗೆ ಆಧಾರವಿದೆ ಎಂಬುದು ಅದರ ತಾತ್ಪರ್ಯ. ದಂಡಿನ ಪ್ರದೇಶಕ್ಕೆ ಹೊಂದಿಕೊಂಡು ಬೆಳೆದ ಈ ಪೇಟೆಯಲ್ಲಿ ಹಲವು ಭಾಷೆಗಳ, ಹಲವು ಮತಗಳ, ಹಲವು ಕಾಯಕಗಳ ಜನರು ತಲೆಮಾರುಗಳಿಂದ ನೆರೆಹೊರೆಯವರಾಗಿ ಬಾಳುತ್ತ ಬಂದಿದ್ದಾರೆ. ಬೆಳಗಾದರೆ ಅಂಗಡಿಗಳ ಬಾಗಿಲು ತೆರೆಯುವ ಸದ್ದು, ಮನೆಗಳ ಒಳಗಿನಿಂದ ಜೀನ್ಸ್ ಬಟ್ಟೆ ಹೊಲಿಯುವ ಯಂತ್ರಗಳ ಸದ್ದು ಕೇಳಿಬರುತ್ತದೆ.

ಇಂತಹ ಪೇಟೆಯಲ್ಲಿ ಸಂಘಗಳಿಗೆ ಕೊರತೆಯಿಲ್ಲ. ದೇವಸ್ಥಾನದ ಸಮಿತಿಗಳಿವೆ, ಭಜನಾ ಮಂಡಳಿಗಳಿವೆ, ತಾಯಂದಿರ ಸ್ವಸಹಾಯ ಗುಂಪುಗಳಿವೆ, ಪತ್ತಿನ ಸಹಕಾರ ಸಂಘಗಳಿವೆ, ತರುಣರ ಬಳಗಗಳಿವೆ. ಬಳ್ಳಾರಿ ಒಂದರಲ್ಲಿ ಮಾತ್ರವಲ್ಲ, ಸಿರುಗುಪ್ಪ, ಕುರುಗೋಡು ಮೊದಲಾದ ಊರುಗಳಲ್ಲಿಯೂ ಇದೇ ಸ್ಥಿತಿ. ಕೊರತೆ ಇರುವುದು ಸಭೆಯ ದಿನ ಬಂದು ಕುಳಿತು, ಹೊಣೆಯನ್ನು ಹಂಚಿಕೊಳ್ಳುವವರದು. ಪಟ್ಟಿಯಲ್ಲಿ ಹೆಸರು ಇರುವವರು ಬಹಳ, ಜಮಾಖಾನ ಹಾಸಲು ಬರುವವರು ವಿರಳ. ತನ್ನ ಪೂಜೆ ತನಗೆ, ತನ್ನ ದುಡಿಮೆ ತನ್ನ ಮನೆಗೆ, ಊರಿನ ಕೆಲಸಕ್ಕೆ ಬೇರೆ ಯಾರಾದರೂ ಇದ್ದಾರು ಎಂಬ ಭಾವನೆ ನಮ್ಮಲ್ಲಿ ದಿನದಿನಕ್ಕೆ ಬಲಿಯುತ್ತಿದೆ.

ಈ ಭಾವನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟ ಹಿರಿಯರೊಬ್ಬರು 1926ರಲ್ಲಿ ಇದೇ ಬಳ್ಳಾರಿಯ ನೆಲಕ್ಕೆ ಬಂದು, ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದ್ದರು. ಅವರೇ ವಚನ ಪಿತಾಮಹರೆಂದು ನಾಡು ಗೌರವಿಸುವ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ವಚನಗಳನ್ನು ಉಳಿಸಿಕೊಟ್ಟ ಮಹನೀಯರೆಂದು ನಾವೆಲ್ಲ ಅವರನ್ನು ಬಲ್ಲೆವು. ಆದರೆ ಆ ಮಹತ್ಕಾರ್ಯಕ್ಕೆ ನೆಲೆಗಟ್ಟಾಗಿದ್ದ ಅವರ ಸಂಘಜೀವನವನ್ನು ಅಷ್ಟಾಗಿ ನೆನೆಯುವುದಿಲ್ಲ. ಈ ಲೇಖನದಲ್ಲಿ ಆ ಮುಖವನ್ನು ಸ್ಮರಿಸೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯಲ್ಲಿ ಆಸಕ್ತಿಯುಳ್ಳವರು. ತಾಯಿ ದಾನಮ್ಮನವರು. ಮಗುವಿಗೆ ಬುದ್ಧಿ ತಿಳಿಯುವ ಮುನ್ನವೇ ತಾಯಿ ತೀರಿಕೊಂಡರು. ಅಜ್ಜಿ ಬಸಮ್ಮನವರ ಮಡಿಲಿನಲ್ಲಿ ಬಾಲಕ ಬೆಳೆದನು. ಇಷ್ಟಲಿಂಗ ಪೂಜೆ, ಶರಣರ ಕಥೆ, ಮನೆಗೆ ಬಂದ ಜಂಗಮರ ಸತ್ಕಾರ ಇವೆಲ್ಲ ಆ ಮನೆಯ ನಿತ್ಯದ ನಡೆಯಾಗಿದ್ದವು.

ಆ ಕಾಲದ ಧಾರವಾಡವೂ ಬಾಲಕನಿಗೆ ಒಂದು ಪಾಠಶಾಲೆಯಾಯಿತೆನ್ನಬೇಕು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಆ ಭಾಗದಲ್ಲಿ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯ ಪ್ರಾಬಲ್ಯವಿತ್ತು. ಕನ್ನಡಿಗರು ತಮ್ಮ ನೆಲದಲ್ಲಿಯೇ ಹಿಂದೆ ಉಳಿದಿದ್ದರು. ಅದನ್ನು ಕಂಡ ಹಿರಿಯರು ಕೊರಗುತ್ತ ಕೂರದೆ ಒಟ್ಟುಗೂಡಿದರು. 1883ರಲ್ಲಿ ಲಿಂಗಾಯತ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ನಿಧಿಯೊಂದು ಧಾರವಾಡದಲ್ಲಿ ಆರಂಭವಾಯಿತು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು ಅದರ ಹಿಂದೆ ನಿಂತಿದ್ದರು. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಉದಯಿಸಿತು. ಆಗ ಹಳಕಟ್ಟಿಯವರು ಹತ್ತು ವರ್ಷದ ಬಾಲಕ. ಹಿರಿಯರು ಕೂಡಿ ಕುಳಿತು ಊರಿನ ಕಷ್ಟಕ್ಕೆ ದಾರಿ ಹುಡುಕುವುದನ್ನು ಆ ತಲೆಮಾರಿನ ಮಕ್ಕಳು ಕಣ್ಣಾರೆ ಕಂಡು ಬೆಳೆದರು.

1896ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದ ತರುವಾಯ ಹಳಕಟ್ಟಿಯವರು ಮುಂಬಯಿಗೆ ತೆರಳಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. 1901ರಲ್ಲಿ ಬಿ.ಎ. ಪದವಿ, 1904ರಲ್ಲಿ ಕಾನೂನು ಪದವಿ ಪಡೆದರು. ಆಲೂರು ವೆಂಕಟರಾಯರ ಒಡನಾಟ ಅವರಿಗೆ ದೊರೆತದ್ದು ಈ ಅವಧಿಯಲ್ಲಿಯೇ. ಮರಾಠಿ ಮತ್ತು ಗುಜರಾತಿ ಜನರು ತಮ್ಮ ಭಾಷೆಗಾಗಿ, ವ್ಯಾಪಾರಕ್ಕಾಗಿ, ಬಡ ವಿದ್ಯಾರ್ಥಿಗಳಿಗಾಗಿ ಸಂಸ್ಥೆಗಳನ್ನು ಕಟ್ಟಿಕೊಂಡು ಮುಂದುವರಿದಿದ್ದುದನ್ನು ಅವರು ಮುಂಬಯಿಯಲ್ಲಿ ಕಂಡರು. ತಮ್ಮ ನಾಡಿನ ಸ್ಥಿತಿಯನ್ನು ಅದರೊಡನೆ ಹೋಲಿಸಿದಾಗ ಅವರ ಮನಸ್ಸು ನೊಂದಿತು. ಆ ನೋವು ಅವರಲ್ಲಿ ದ್ವೇಷವಾಗಲಿಲ್ಲ, ಕಾಯಕದ ಸಂಕಲ್ಪವಾಯಿತು.

ವಿಜಯಪುರದಲ್ಲಿ ಕಟ್ಟಿದ ಬಾಳು

1904ರಲ್ಲಿ ಬೆಳಗಾವಿಯಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದ ಹಳಕಟ್ಟಿಯವರು ಸ್ವಲ್ಪ ಕಾಲದಲ್ಲಿಯೇ ವಿಜಯಪುರಕ್ಕೆ ಬಂದು ನೆಲೆಸಿದರು. ಮುಂದಿನ ಅರುವತ್ತು ವರ್ಷ ಆ ಊರೇ ಅವರ ಕಾರ್ಯಕ್ಷೇತ್ರ. ಬರಗಾಲವೆಂಬುದು ಆ ಜಿಲ್ಲೆಯ ಹಣೆಬರಹವೆನಿಸಿದ್ದ ಕಾಲವದು. 1876ರಿಂದ 1878ರವರೆಗಿನ ಭೀಕರ ಬರದ ನೆನಪು ಹಿರಿಯರ ಮನಸ್ಸಿನಿಂದ ಮಾಸಿರಲಿಲ್ಲ. 1896ರ ತರುವಾಯದ ಬರಗಳನ್ನು ಎಲ್ಲರೂ ಕಂಡಿದ್ದರು. ಮಳೆ ಕೈಕೊಟ್ಟ ವರ್ಷ ರೈತನು ಸಾಹುಕಾರನ ಬಾಗಿಲಿಗೆ ಹೋಗುತ್ತಿದ್ದನು, ಮರುವರ್ಷದ ಬೆಳೆ ಬಡ್ಡಿಗೆ ಸಲ್ಲುತ್ತಿತ್ತು, ಅದರ ಮರುವರ್ಷ ಹೊಲವೇ ಹೋಗುತ್ತಿತ್ತು. ಹೊಲ ಹೋದವನ ವ್ಯಾಜ್ಯ ಬಂದು ನಿಲ್ಲುತ್ತಿದ್ದುದು ವಕೀಲರ ಮೇಜಿನ ಮುಂದೆ.

ತರುಣ ವಕೀಲರಿಗೆ ಇದು ಆದಾಯದ ದಾರಿಯಾಗಬಹುದಿತ್ತು. ಹಳಕಟ್ಟಿಯವರು ಬೇರೊಂದು ದಾರಿ ಹಿಡಿದರು. ನ್ಯಾಯಾಲಯಕ್ಕೆ ಬಂದ ಮೇಲೆ ಒಬ್ಬ ರೈತನನ್ನು ಉಳಿಸುವುದಕ್ಕಿಂತ, ಹತ್ತಾರು ರೈತರು ನ್ಯಾಯಾಲಯದ ಮೆಟ್ಟಿಲು ಹತ್ತದಂತೆ ಮಾಡುವುದು ಲೇಸೆಂಬುದನ್ನು ಅವರ ಕಾರ್ಯಗಳೇ ತೋರಿಸುತ್ತವೆ.

ಸಹಕಾರದ ತತ್ತ್ವ ಆಗತಾನೇ ನಮ್ಮ ನಾಡಿಗೆ ಕಾಲಿಡುತ್ತಿತ್ತು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಹಳ್ಳಿಯ ಜನರನ್ನು ಕೂಡಿಸಿ ಸಹಕಾರ ಸಂಘವನ್ನು ಸ್ಥಾಪಿಸಿದ್ದರು. ಅದೇ ಹಾದಿಯಲ್ಲಿ 1912ರಲ್ಲಿ ವಿಜಯಪುರದಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಆರಂಭವಾಯಿತು. ಅದರ ಸ್ಥಾಪನೆಯಲ್ಲಿ ಹಳಕಟ್ಟಿಯವರ ಪಾತ್ರ ಮುಖ್ಯವಾದುದು. ಸಹಕಾರ ಸಂಘದ ರೀತಿ ಸರಳವಾದುದು. ಪ್ರತಿಯೊಬ್ಬನೂ ತನ್ನ ಶಕ್ತಿಗೆ ತಕ್ಕ ಪಾಲಿನ ಹಣ ಕಟ್ಟುವನು. ಕೂಡಿದ ಹಣದಿಂದ ಅಗತ್ಯವುಳ್ಳವನಿಗೆ ಮಿತವಾದ ಬಡ್ಡಿಯಲ್ಲಿ ಸಾಲ ದೊರೆಯುವುದು. ಸಾಲ ಪಡೆದವನು ತೀರಿಸದಿದ್ದರೆ ನಷ್ಟ ನೆರೆಯವನಿಗೆ. ಆದುದರಿಂದ ಅಲ್ಲಿ ಹಣಕ್ಕಿಂತ ಮೊದಲು ಕೂಡಬೇಕಾದದ್ದು ನಂಬಿಕೆ. ಕೂಡಲು ಬಾರದವರಿಗೆ ಆ ನಂಬಿಕೆ ಹುಟ್ಟುವುದಿಲ್ಲ. ಪಾಲು ಕಟ್ಟಿ ಮನೆಯಲ್ಲಿ ಕುಳಿತವರಿಂದಲೂ ಅದು ಬೆಳೆಯುವುದಿಲ್ಲ.

ಬ್ಯಾಂಕಿಗೆ ಎರಡು ವರ್ಷ ಮೊದಲೇ, 1910ರಲ್ಲಿ, ಅವರು ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾಸಂಸ್ಥೆಗೆ ಅಸ್ತಿಭಾರ ಹಾಕಿದ್ದರು. ಇಂದು ಬಿ.ಎಲ್.ಡಿ.ಇ. ಎಂದು ಪ್ರಸಿದ್ಧವಾಗಿರುವುದು ಇದೇ ಸಂಸ್ಥೆ. ಅಂದು ಅದಕ್ಕೆ ದೊಡ್ಡ ಕಟ್ಟಡಗಳಿರಲಿಲ್ಲ, ನಿಧಿಯೂ ಇರಲಿಲ್ಲ. ವಂತಿಗೆ ಕೇಳುತ್ತ ಮನೆ ಮನೆಗೆ ಹೋಗುವ ಹಿರಿಯರಿದ್ದರು, ಕೈಲಾದುದನ್ನು ಕೊಡುವ ಭಕ್ತರಿದ್ದರು. ಮುಂದೆ ಬಂಥನಾಳದ ಸಂಗನಬಸವ ಶಿವಯೋಗಿಗಳಂತಹ ಪೂಜ್ಯರು ಆ ಸಂಸ್ಥೆಯ ಬೆನ್ನೆಲುಬಾಗಿ ನಿಂತರು. ಇಂದು ಅದರ ಆಶ್ರಯದಲ್ಲಿ ವೈದ್ಯಕೀಯ, ತಾಂತ್ರಿಕ, ಕಲಾ, ವಿಜ್ಞಾನ ಮಹಾವಿದ್ಯಾಲಯಗಳು ನಡೆಯುತ್ತಿವೆ.

ಹಳಕಟ್ಟಿಯವರು ತಮ್ಮ ಸಮಾಜದ ಸಂಸ್ಥೆಗಳಿಗಷ್ಟೇ ತಮ್ಮನ್ನು ಸೀಮಿತಗೊಳಿಸಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ. ಊರಿನ ಎಲ್ಲ ಜನರಿಗೂ ಸೇರಿದ ಪುರಸಭೆಯ ಹೊಣೆಯನ್ನು ಹೊತ್ತರು. ಒಕ್ಕಲುತನದ ಮತ್ತು ನೇಕಾರರ ಸಹಕಾರ ಸಂಘಗಳಿಗಾಗಿ ಶ್ರಮಿಸಿದರು. ಬರ ನಿವಾರಣೆಯ ಪ್ರಯತ್ನಗಳಲ್ಲಿ ಪಾಲ್ಗೊಂಡರು. ಮುಂಬಯಿ ಶಾಸನಸಭೆಯ ಸದಸ್ಯರಾಗಿ ತಮ್ಮ ಜಿಲ್ಲೆಯ ಜನರ ಅಳಲನ್ನು ಅಲ್ಲಿಗೆ ಮುಟ್ಟಿಸಿದರು. ಸೈಕಲ್ಲನ್ನೇರಿ ಊರೊಳಗೆ ಸಂಚರಿಸುತ್ತಿದ್ದ, ತೇಪೆ ಹಾಕಿದ ಕೋಟನ್ನು ತೊಡಲು ನಾಚದ ಈ ವಕೀಲರನ್ನು ವಿಜಯಪುರದ ಜನ ಮರೆತಿಲ್ಲ.

ಮುಚ್ಚಿದ ಕಟ್ಟುಗಳು ತೆರೆದವು

ಇನ್ನು ಅವರ ಬದುಕಿನ ಮಹಾಕಾರ್ಯಕ್ಕೆ ಬರೋಣ. ಹಳಕಟ್ಟಿಯವರ ಪತ್ನಿ ಭಾಗೀರಥಿಬಾಯಿಯವರು ಸೋದರಮಾವ ತಮ್ಮಣ್ಣಪ್ಪ ಚಿಕ್ಕೋಡಿಯವರ ಮಗಳು. ಬಂಧು ಬಾಂಧವರ ಮನೆಗಳಿಗೆ ಹೋಗಿ ಬರುವಾಗ, ವ್ಯಾಜ್ಯದ ನಿಮಿತ್ತ ಹಳ್ಳಿಗಳನ್ನು ಸುತ್ತುವಾಗ, ಅವರ ಕಣ್ಣಿಗೆ ತಾಳೆಗರಿಯ ಕಟ್ಟುಗಳು ಬಿದ್ದವು. ಶರಣರ ವಚನಗಳು ಅವುಗಳಲ್ಲಿದ್ದವು.

ಅಂದಿನ ಸ್ಥಿತಿಯನ್ನು ನಾವು ಇಂದು ಕಲ್ಪಿಸಿಕೊಳ್ಳುವುದೂ ಕಷ್ಟ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ಎಲ್ಲರ ನಡುವೆ ಹುಟ್ಟಿದ ಮಾತುಗಳು ಇಪ್ಪತ್ತನೆಯ ಶತಮಾನದ ಹೊತ್ತಿಗೆ ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳಾಗಿ ಜಗಲಿಯ ಮೇಲೆ ಕುಳಿತಿದ್ದವು. ಭಕ್ತರು ಅವಕ್ಕೆ ವಿಭೂತಿ ಧರಿಸಿ, ಪತ್ರಿ ಏರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ಇರಲಿಲ್ಲ. ಕೆಲವು ಮನೆಗಳಲ್ಲಿ ಅವು ಅಟ್ಟ ಸೇರಿದ್ದವು. ಹುಳು ತಿಂದು, ಹೊಗೆ ಹಿಡಿದು, ಅಂಚು ಮುರಿದು ಗರಿಗಳು ಹಾಳಾಗುತ್ತಿದ್ದವು. ಇನ್ನೊಂದೆರಡು ತಲೆಮಾರು ಕಳೆದಿದ್ದರೆ ಎಷ್ಟೋ ಶರಣರ ಹೆಸರೇ ಅಳಿದುಹೋಗುತ್ತಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಪೂಜೆಗೊಳ್ಳುತ್ತ ಬಂದ ಕಟ್ಟನ್ನು ಯಾರಾದರೂ ಅಪರಿಚಿತನ ಕೈಗೆ ಕೊಟ್ಟಾರೆಯೇ? ಅದು ಮನೆಯ ದೇವರ ಜಗಲಿಯಿಂದ ಲಿಂಗವನ್ನೇ ಎತ್ತಿ ಕೊಟ್ಟಂತೆ. ಹಣ ಕೊಟ್ಟರೂ ಒಪ್ಪದವರು, ಅಧಿಕಾರ ತೋರಿಸಿದರೆ ಬಚ್ಚಿಡುವವರು ಇದ್ದೇ ಇರುತ್ತಾರೆ. ಹಾಗಿದ್ದೂ ಹಳಕಟ್ಟಿಯವರಿಗೆ ಸಾವಿರಕ್ಕೂ ಮಿಗಿಲಾದ ತಾಳೆಗರಿ ಪ್ರತಿಗಳು ದೊರೆತವು. ಮಠಗಳ ಪೂಜ್ಯರು ಕೊಟ್ಟರು, ಒಕ್ಕಲು ಮನೆತನದವರು ಕೊಟ್ಟರು, ವರ್ತಕರು ಕೊಟ್ಟರು. ಏಕೆ ಕೊಟ್ಟರೆಂಬುದನ್ನು ತಿಳಿಯಲು ಅವರ ಹಿಂದಿನ ಬದುಕನ್ನು ನೋಡಿದರೆ ಸಾಕು. ಬಾಗಿಲಲ್ಲಿ ನಿಂತವರು ಹೊಸಬರಾಗಿರಲಿಲ್ಲ. ಮಕ್ಕಳ ಶಾಲೆಗಾಗಿ ವಂತಿಗೆ ಕೇಳಲು ಬಂದವರು, ಬ್ಯಾಂಕಿನ ಪಾಲಿನ ವಿಷಯ ತಿಳಿಸಿ ಹೇಳಿದವರು, ಬರದ ವರ್ಷ ಊರಿನ ಕಷ್ಟ ವಿಚಾರಿಸಿದವರು ಅವರಾಗಿದ್ದರು. ಹತ್ತು ಜನರ ಕೆಲಸದಲ್ಲಿ ವರ್ಷಗಟ್ಟಲೆ ಕೈಜೋಡಿಸಿದವರ ಮಾತಿಗೆ ಬೆಲೆ ಇರುತ್ತದೆ. ಸಂಘಜೀವನದಲ್ಲಿ ಗಳಿಸಿದ ನಂಬಿಕೆಯೇ ಆ ಕಟ್ಟುಗಳ ಗಂಟನ್ನು ಬಿಚ್ಚಿತೆಂದು ನಾವು ತಿಳಿಯಬೇಕಾಗಿದೆ.

ಕಟ್ಟುಗಳು ದೊರೆತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಳೆಯ ಅಕ್ಷರಗಳನ್ನು ಓದಬೇಕು, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಬೇಕು, ಅಂಕಿತಗಳಿಂದ ವಚನಕಾರರನ್ನು ಗುರುತಿಸಬೇಕು. ಹಗಲು ನ್ಯಾಯಾಲಯದ ದುಡಿಮೆ, ಸಂಜೆ ಸಂಘಗಳ ಸಭೆ, ರಾತ್ರಿ ದೀಪದ ಬೆಳಕಿನಲ್ಲಿ ತಾಳೆಗರಿ. ಹೀಗೆ ವರ್ಷಗಳು ಉರುಳಿದವು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಕು ಕಂಡಿತು. ಹರಿದು ಹಂಚಿಹೋಗಿದ್ದ ವಚನಗಳನ್ನು ವಿಷಯಕ್ಕೆ ತಕ್ಕಂತೆ ವರ್ಗೀಕರಿಸಿ, ಶರಣರ ತತ್ತ್ವವು ಒಂದು ಕ್ರಮಬದ್ಧವಾದ ದರ್ಶನವೆಂಬುದನ್ನು ಆ ಗ್ರಂಥ ನಾಡಿಗೆ ತೋರಿಸಿಕೊಟ್ಟಿತು. ಅಲ್ಲಿಯವರೆಗೆ ಸುಮಾರು 50 ವಚನಕಾರರ ಹೆಸರು ಮಾತ್ರ ತಿಳಿದಿತ್ತು. ಹಳಕಟ್ಟಿಯವರ ಶೋಧದಿಂದ ಆ ಸಂಖ್ಯೆ 250ನ್ನು ಮುಟ್ಟಿತು. ಹರಿಹರನ ರಗಳೆಗಳು, ಶೂನ್ಯಸಂಪಾದನೆ ಮೊದಲಾದ ಹಿರಿಯ ಕೃತಿಗಳೂ ಅವರ ಕೈಯಿಂದ ಪ್ರಕಟವಾದವು.

ಮನೆಯನ್ನು ಮಾರಿ ಮುದ್ರಣಾಲಯ

ಅಚ್ಚು ಹಾಕಿಸುವ ಕಾರ್ಯದಲ್ಲಿ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಪರ ಊರಿನ ಮುದ್ರಣಾಲಯಗಳನ್ನು ನೆಚ್ಚಿಕೊಂಡರೆ ತಡ, ವೆಚ್ಚವೂ ಹೆಚ್ಚು. ಕೊನೆಗೆ ತಮ್ಮ ಸ್ವಂತ ಮನೆಯನ್ನು ಮಾರಿ, ಆ ಹಣದಿಂದ 1925ರ ಸುಮಾರಿಗೆ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಹೊರಟಿತು. ಮೊದಲನೆಯದು ಶರಣರ ಧರ್ಮ ಮತ್ತು ಸಾಹಿತ್ಯಕ್ಕೆ, ಎರಡನೆಯದು ನಾಡಿನ ಆಗುಹೋಗುಗಳಿಗೆ ಮೀಸಲು. ಶಿವಾನುಭವವನ್ನು ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು.

ಈ ಪತ್ರಿಕೆಗಳಿಂದ ಅವರಿಗೆ ಲಾಭ ಬರಲಿಲ್ಲ. ಚಂದಾದಾರರು ಕಡಿಮೆ, ಚಂದಾ ಹಣ ಸಕಾಲಕ್ಕೆ ಕಳುಹಿಸುವವರು ಇನ್ನೂ ಕಡಿಮೆ. ಹೊಗಳುವವರು ಬಹಳ ಜನ ಇದ್ದ ಕಾಲದಲ್ಲಿಯೂ ಹೊರೆಯನ್ನು ಹೊತ್ತವರು ಬಹುಮಟ್ಟಿಗೆ ಹಳಕಟ್ಟಿಯವರು ಮತ್ತು ಅವರ ಮನೆಯವರು. ಸಮಾಜವು ತಾನು ಹೊರಬೇಕಾದ ಭಾರವನ್ನು ಒಬ್ಬರ ಹೆಗಲಿಗೆ ಬಿಟ್ಟರೆ ಆ ಮನೆತನ ಏನನ್ನು ತೆರಬೇಕಾಗುತ್ತದೆಂಬುದಕ್ಕೆ ಈ ಭಾಗವೇ ಸಾಕ್ಷಿ. ಇದನ್ನು ಓದುವಾಗ ನಮಗೆ ಅಭಿಮಾನದೊಡನೆ ಸ್ವಲ್ಪ ನಾಚಿಕೆಯೂ ಆಗಬೇಕು. ಅವರ ತ್ಯಾಗವನ್ನು ಕೊಂಡಾಡುವುದು ಸುಲಭ. ಅಂತಹ ತ್ಯಾಗ ಒಬ್ಬರಿಗೇ ಬಾರದಂತೆ ಎಲ್ಲರೂ ಒಂದೊಂದು ಕೈ ಹಿಡಿಯುವುದು ನಿಜವಾದ ಗೌರವ.

ಬಳ್ಳಾರಿಗೆ ಬಂದ ಅಧ್ಯಕ್ಷರು

1926ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಬಳ್ಳಾರಿಯಲ್ಲಿ ನೆರೆಯಿತು. ಹಳಕಟ್ಟಿಯವರೇ ಅದರ ಅಧ್ಯಕ್ಷರು. ಈ ಘಟನೆಯ ಮಹತ್ವ ತಿಳಿಯಬೇಕಾದರೆ ಅಂದಿನ ನಾಡಿನ ಸ್ಥಿತಿಯನ್ನು ನೆನೆಯಬೇಕು. ಕನ್ನಡ ನಾಡು ಒಡೆದ ಕನ್ನಡಿಯಂತಿತ್ತು. ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿ, ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿ, ಕಲಬುರಗಿ ಹೈದರಾಬಾದಿನ ನಿಜಾಮರ ಆಡಳಿತದಲ್ಲಿ, ಮೈಸೂರು ಅರಸರ ಆಳ್ವಿಕೆಯಲ್ಲಿ, ಕೊಡಗು ಬೇರೆಯೇ. ವಿಜಯಪುರ ಮತ್ತು ಬಳ್ಳಾರಿಗಳ ನಡುವೆ ಗದಗ ಮಾರ್ಗವಾಗಿ ರೈಲು ಇದ್ದರೂ, ಆಡಳಿತದ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ಲೋಕಗಳು. ಬಳ್ಳಾರಿಯ ಕನ್ನಡಿಗರ ಅಹವಾಲು ಮದರಾಸಿಗೆ ಹೋಗಬೇಕು. ಜಿಲ್ಲೆಯಲ್ಲಿ ತೆಲುಗು ಮತ್ತು ಕನ್ನಡ ಎರಡೂ ಬೆರೆತು ಬಾಳುತ್ತಿದ್ದುದರಿಂದ ಈ ನೆಲ ಮುಂದೆ ಯಾರ ಪಾಲಿಗೆ ಸೇರಬೇಕೆಂಬ ಚರ್ಚೆಯೂ ಇತ್ತು.

ಇಷ್ಟು ಗಡಿಗಳಿದ್ದರೂ ಜನರನ್ನು ಒಂದೆಡೆ ಕೂಡಿಸಿದ್ದು ಯಾವ ಸರಕಾರವೂ ಅಲ್ಲ. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತೆಂಬ ಸಂಸ್ಥೆ ಮತ್ತು ಸಮ್ಮೇಳನಕ್ಕೆ ಆತಿಥ್ಯ ನೀಡಿದ ಊರುಗಳ ಜನ. 1920ರಲ್ಲಿ ಹೊಸಪೇಟೆ, 1926ರಲ್ಲಿ ಬಳ್ಳಾರಿ, 1938ರಲ್ಲಿ ಮತ್ತೆ ಬಳ್ಳಾರಿ ಈ ಸಮ್ಮೇಳನವನ್ನು ಕರೆದವು. ಚಪ್ಪರ ಹಾಕುವುದು, ಪರ ಊರಿನವರಿಗೆ ಇಳಿದುಕೊಳ್ಳುವ ವ್ಯವಸ್ಥೆ ಮಾಡುವುದು, ದಾಸೋಹ ನಡೆಸುವುದು ಯಾವ ಸಮ್ಮೇಳನದಲ್ಲಿಯೂ ಒಬ್ಬರಿಬ್ಬರಿಂದ ಆಗುವ ಕೆಲಸವಲ್ಲ.

ಅದೇ ಅವಧಿಯಲ್ಲಿ ಬಳ್ಳಾರಿಯ ನಮ್ಮ ಹಿರಿಯರು ವಿದ್ಯಾದಾನಕ್ಕೂ ಸಂಘ ಕಟ್ಟಿದ್ದರೆಂಬುದು ಹೆಮ್ಮೆಯ ಸಂಗತಿ. 1916ರಲ್ಲಿ ಇಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಬೆಳಗಾವಿಯಲ್ಲಿ ಏಳು ಜನ ಶಿಕ್ಷಣಪ್ರೇಮಿಗಳು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದ್ದೂ ಅದೇ ವರ್ಷ. ಬಳ್ಳಾರಿಯ ಸಂಘವು 1945ರಲ್ಲಿ ವೀರಶೈವ ಮಹಾವಿದ್ಯಾಲಯವನ್ನು ತೆರೆಯಿತು. ಉನ್ನತ ವಿದ್ಯೆಗಾಗಿ ದೂರದ ಊರುಗಳಿಗೆ ಹೋಗಲಾರದ ಎಷ್ಟೋ ಬಡ ಮಕ್ಕಳು ಮನೆಯ ಊಟ ಉಂಡು ಪದವಿ ಪಡೆಯುವಂತಾಯಿತು. ಸಂಘ ಹುಟ್ಟಿದ ಮೇಲೆ ಮಹಾವಿದ್ಯಾಲಯ ತೆರೆಯಲು 29 ವರ್ಷ ಹಿಡಿಯಿತೆಂಬುದನ್ನು ಗಮನಿಸಬೇಕು. ಫಲ ಕಾಣದೆಯೂ ಸಭೆಗೆ ಬರುತ್ತಿದ್ದವರ ತಾಳ್ಮೆ ಆ ವರ್ಷಗಳಲ್ಲಿದೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಸಿರುಗುಪ್ಪ, ಹೊಸಪೇಟೆ ಮೊದಲಾದ ತಾಲ್ಲೂಕುಗಳು ಜೊತೆಯಲ್ಲಿಯೇ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಮೂವತ್ತು ವರ್ಷ ಮೊದಲು ಬಳ್ಳಾರಿಯ ಸಮ್ಮೇಳನದ ಪೀಠದಲ್ಲಿ ಕುಳಿತಿದ್ದ ಹಳಕಟ್ಟಿಯವರು ಆ ದಿನವನ್ನು ಕಣ್ಣಾರೆ ಕಂಡರು. ಅಂದು ಅವರಿಗೆ 76 ವರ್ಷ. ನಾಡಿನ ಒಗ್ಗೂಡುವಿಕೆ ಒಂದು ಆಜ್ಞೆಯಿಂದ ಆದುದಲ್ಲ, ಊರೂರಿನ ಸಂಘಗಳು ಹಲವು ದಶಕ ದುಡಿದ ಫಲ.

ಕೊನೆಯ ದಿನಗಳು

ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಹಳಕಟ್ಟಿಯವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತು ತಾನೇ ಗೌರವ ಪಡೆಯಿತು. ಅವರು ಬರೆದ ಮತ್ತು ಸಂಪಾದಿಸಿದ ಗ್ರಂಥಗಳು 150ಕ್ಕೂ ಹೆಚ್ಚು. ವಿಜಯಪುರದ ಗೋಳಗುಮ್ಮಟವನ್ನು ನೋಡುವ ಮೊದಲು ಹಳಕಟ್ಟಿಯವರನ್ನು ಕಾಣಬೇಕೆಂದು ಬಿ.ಎಂ. ಶ್ರೀಕಂಠಯ್ಯನವರು ಬಯಸಿದರೆಂಬ ಮಾತು ಜನಜನಿತವಾಗಿದೆ. ಇಷ್ಟು ಕೀರ್ತಿ ಬಂದರೂ ಅವರ ಮನೆಗೆ ಸಿರಿ ಬರಲಿಲ್ಲ, ಅದನ್ನು ಅವರು ಬಯಸಲೂ ಇಲ್ಲ. 1964ರ ಜೂನ್ 29ರಂದು ಅವರು ವಿಜಯಪುರದಲ್ಲಿ ಲಿಂಗೈಕ್ಯರಾದರು. 84 ವರ್ಷ ತುಂಬಲು ಆಗ ಮೂರೇ ದಿನ ಉಳಿದಿತ್ತು. ಅವರ ಜನ್ಮದಿನವಾದ ಜುಲೈ 2ನ್ನು ಇಂದು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ನಾಡು ಆಚರಿಸುತ್ತದೆ. ಅವರ ಹೆಸರಿನ ಸಂಶೋಧನಾ ಕೇಂದ್ರ ವಿಜಯಪುರದಲ್ಲಿ ಅವರ ಕಾರ್ಯವನ್ನು ಮುಂದುವರಿಸಿದೆ.

ನಮ್ಮ ಮುಂದಿರುವ ಕರ್ತವ್ಯ

ಶರಣ ಬಂಧುಗಳೇ, ಹಳಕಟ್ಟಿಯವರ ಬದುಕಿನಿಂದ ನಾವು ಕಲಿಯಬೇಕಾದುದು ಯಾವುದು? ನಾವೆಲ್ಲರೂ ತಾಳೆಗರಿ ಓದಲಾರೆವು, ಗ್ರಂಥ ಸಂಪಾದಿಸಲಾರೆವು. ಆದರೆ ಅವರು ತಮ್ಮ ಊರಿನಲ್ಲಿ ಮೊದಲು ಮಾಡಿದ ಕೆಲಸ ನಮ್ಮೆಲ್ಲರ ಅಳವಿನಲ್ಲಿದೆ. ಸಭೆಗೆ ಹೋಗುವುದು, ಲೆಕ್ಕಪತ್ರ ನೋಡುವುದು, ವಂತಿಗೆ ಕೊಡುವುದು, ಕೊಟ್ಟ ಮಾತಿನಂತೆ ಸಾಲ ತೀರಿಸುವುದು, ನೆರೆಯವನ ಕಷ್ಟ ವಿಚಾರಿಸುವುದು. ಇವು ಸಣ್ಣ ಕೆಲಸಗಳೆಂದು ತೋರಬಹುದು. ಇವುಗಳಿಂದಲೇ ನಂಬಿಕೆ ಬೆಳೆಯುತ್ತದೆ. ನಂಬಿಕೆ ಬೆಳೆದ ಊರಿನಲ್ಲಿ ಮಾತ್ರ ದೊಡ್ಡ ಕೆಲಸಗಳು ಸಾಧ್ಯ.

ಸಂಘಗಳಲ್ಲಿ ದೋಷವಿಲ್ಲವೆಂದು ಹೇಳಲಾಗದು. ಅಧಿಕಾರದ ಆಸೆ, ಒಳಪಂಗಡಗಳ ಜಗಳ, ಲೆಕ್ಕದಲ್ಲಿ ಅಸ್ಪಷ್ಟತೆ ಇವುಗಳಿಂದ ಬೇಸತ್ತು ದೂರ ಸರಿದ ಸಜ್ಜನರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರ ಬೇಸರ ನ್ಯಾಯವಾದುದೇ. ಆದರೆ ಸಜ್ಜನರು ಎದ್ದು ಹೋದ ಸಭೆ ಮತ್ತಷ್ಟು ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಸುಮ್ಮನಿರಲಿಲ್ಲ. ತಿದ್ದಿ ಹೇಳಿದರು, ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದರು. ಶರಣರ ಬಳಗದಲ್ಲಿ ತಪ್ಪನ್ನು ತಪ್ಪೆನ್ನುವುದಕ್ಕೆ ಎಲ್ಲರಿಗೂ ಅವಕಾಶವಿತ್ತು. ಮಡಿವಾಳ ಮಾಚಿದೇವರೂ, ಅಂಬಿಗರ ಚೌಡಯ್ಯನವರೂ, ನುಲಿಯ ಚಂದಯ್ಯನವರೂ ಅನುಭವ ಮಂಟಪದಲ್ಲಿ ಸಮಾನರಾಗಿದ್ದರು. ನಮ್ಮ ಊರಿನ ಸಂಘದಲ್ಲಿ ತಾಯಂದಿರಿಗೆ, ತರುಣರಿಗೆ, ದುಡಿಯುವ ಬಡವರಿಗೆ ಮಾತನಾಡಲು ಎಡೆ ಇದೆಯೇ ಎಂದು ನಾವು ಕೇಳಿಕೊಳ್ಳಬೇಕು. ಎಡೆ ಇಲ್ಲದಿದ್ದರೆ ಹೊರಗೆ ನಿಂತು ಟೀಕಿಸುವ ಬದಲು ಒಳಗೆ ಬಂದು ಎಡೆ ಮಾಡಿಕೊಡಬೇಕು.

ಕೌಲ್ ಬಜಾರಿನ ಮನೆಯಲ್ಲಿ ಕುಳಿತು ಹೊಲಿಗೆ ಹೊಲಿಯುವ ತಾಯಿ ಒಬ್ಬಳೇ ಇದ್ದರೆ ಕೊಟ್ಟ ಕೂಲಿಯನ್ನು ತೆಗೆದುಕೊಳ್ಳಬೇಕಾಗುತ್ತದೆ. ಹತ್ತು ಜನ ಕೂಡಿದರೆ ಉಳಿತಾಯಕ್ಕೆ ದಾರಿಯಾಗುತ್ತದೆ, ಮಗುವಿನ ಶಾಲೆಯ ಶುಲ್ಕಕ್ಕೆ ಸಾಹುಕಾರನ ಹಂಗು ತಪ್ಪುತ್ತದೆ. ಸಿರುಗುಪ್ಪದ ಭತ್ತದ ಗದ್ದೆಯ ರೈತನಿಗೂ ಇದೇ ಮಾತು ಸಲ್ಲುತ್ತದೆ. ವಿಜಯಪುರದಲ್ಲಿ 1912ರಲ್ಲಿ ಹಳಕಟ್ಟಿಯವರು ಮತ್ತು ಅವರ ಸಂಗಡಿಗರು ಮಾಡಿ ತೋರಿಸಿದ್ದು ಇದನ್ನೇ.

ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ರಥೋತ್ಸವ ನಡೆಯುವಾಗ ಭಕ್ತರು ಹಗ್ಗ ಹಿಡಿಯಲು ಮುಗಿಬೀಳುವುದನ್ನು ನಾವೆಲ್ಲ ಬಲ್ಲೆವು. ಅಂದು ಯಾರೂ ಬೇರೆಯವರು ಎಳೆಯಲಿ ಎಂದು ಮನೆಯಲ್ಲಿ ಕೂರುವುದಿಲ್ಲ. ಆ ಒಂದು ದಿನದ ಉತ್ಸಾಹ ಉಳಿದ ದಿನಗಳ ಸಂಘದ ಕೆಲಸಕ್ಕೂ ಬರಲಿ. ಬರುವ ಜುಲೈ 2ರಂದು ಹಳಕಟ್ಟಿಯವರ ಭಾವಚಿತ್ರಕ್ಕೆ ಹೂಮಾಲೆ ಹಾಕುವ ಪ್ರತಿಯೊಬ್ಬರೂ ತಮ್ಮ ಓಣಿಯ ಒಂದು ಸಂಘದ ಮುಂದಿನ ಸಭೆ ಎಂದು ನಡೆಯುವುದೆಂಬುದನ್ನು ವಿಚಾರಿಸಿ, ಆ ದಿನ ತಪ್ಪದೆ ಹೋಗಲಿ. ಸಾಧ್ಯವಾದರೆ ಮನೆಯ ಮಗನನ್ನೋ ಮಗಳನ್ನೋ ಜೊತೆಯಲ್ಲಿ ಕರೆದೊಯ್ಯಲಿ. ಧಾರವಾಡದ ಹಿರಿಯರ ಸಭೆಗಳ ನೆರಳಿನಲ್ಲಿ ಬೆಳೆದ ಹುಡುಗನೊಬ್ಬ ನಾಡಿನ ವಚನಭಂಡಾರವನ್ನೇ ಉಳಿಸಿಕೊಟ್ಟನೆಂಬುದನ್ನು ನೆನಪಿಡೋಣ.